ಇಂದ್ರಿಯ ಸೂಕ್ಷ್ಮತೆ ಇರುವ ಮಗುವಿಗೆ ಪಾಟಿ ಅಭ್ಯಾಸ: ಅಧ್ಯಯನ ಟಿಪ್ಪಣಿ

ಇಂದ್ರಿಯ ಸೂಕ್ಷ್ಮತೆ ಅಂದರೆ ಸದ್ದು, ವಾಸನೆ, ಸ್ಪರ್ಶದಂಥವು ಬೇರೆಯವರಿಗಿಂತ ಹೆಚ್ಚು ತೀವ್ರವಾಗಿ ತಾಕುವುದು. ಇಂಥ ಮಗುವಿಗೆ ಪಾಟಿಯಲ್ಲಿ, ಅಂದರೆ ಮಕ್ಕಳ ಪುಟ್ಟ ಕಮೋಡ್‌ನಲ್ಲಿ, ಮಲಮೂತ್ರಕ್ಕೆ ಕೂರುವುದನ್ನು ಕಲಿಸುವ ಬಗ್ಗೆ ಈ ಟಿಪ್ಪಣಿ. ಪಾಟಿ ಮೇಲೆ ಕೂರಿಸಿದ ಕೂಡಲೇ ಮೈ ಸೆಟೆದು ಅಳುವ ಮಗುವಿನ ಬಗ್ಗೆ ವರದಿಯಲ್ಲಿ ‘ಹಟಮಾರಿ’ ಎಂದು ಬರೆದುಬಿಟ್ಟರೆ ಮುಂದಿನ ಯೋಜನೆಯೆಲ್ಲ ದಾರಿ ತಪ್ಪುತ್ತದೆ. ಆ ಮಗುವಿಗೆ ಯಾವುದು ತಡೆಯಲಾಗುತ್ತಿಲ್ಲ ಎಂದು ಹುಡುಕುವುದೇ ಅರ್ಧ ಕೆಲಸ. ತಣ್ಣನೆಯ ಸೀಟು, ಫ್ಲಶ್ ಸದ್ದು, ಫಿನಾಯಿಲ್ ವಾಸನೆ, ಯಾವುದೂ ಆಗಬಹುದು.

ಪಂಚೇಂದ್ರಿಯಗಳಾಚೆ ಇನ್ನೆರಡು ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಒಂದು, ಸಮತೋಲದ ಅರಿವು. ದೊಡ್ಡವರ ಕಮೋಡ್ ಮೇಲೆ ಕಾಲು ನೇತಾಡಿದರೆ ಕೆಲವು ಮಕ್ಕಳಿಗೆ ಬಿದ್ದೇ ಹೋಗುತ್ತೇನೆ ಅನ್ನಿಸುತ್ತದೆ. ಹೆದರಿದ ಮೈ ಬಿಗಿಯುತ್ತದೆ, ಬಿಗಿದ ಮೈಯಿಂದ ಏನೂ ಹೊರಬರುವುದಿಲ್ಲ. ಇನ್ನೊಂದು ಒಳಅರಿವು: ಒಂದಕ್ಕೆ ಬಂದಿದೆ, ಎರಡಕ್ಕೆ ಬಂದಿದೆ ಎಂದು ಒಳಗಿನಿಂದ ತಿಳಿಯುವುದು. ಇದು ಮಂದವಾಗಿದ್ದರೆ ‘ಬಂದಾಗ ಹೇಳು’ ಅನ್ನುವುದರಿಂದ ಫಲವಿಲ್ಲ. ಚಡ್ಡಿ ಒದ್ದೆಯಾದ ಮೇಲೆಯೇ ಮಗುವಿಗೂ ಗೊತ್ತಾಗುವುದು.

ಮೊದಲು ಮಲಬದ್ಧತೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾಯಿತೆಂದರೆ ಮಗು ತಡೆಹಿಡಿಯಲು ಕಲಿಯುತ್ತದೆ: ತುದಿಗಾಲಲ್ಲಿ ನಿಲ್ಲುತ್ತದೆ, ಕಾಲು ಕತ್ತರಿ ಹಾಕುತ್ತದೆ, ಮೂಲೆಯಲ್ಲಿ ಅವಿತುಕೊಳ್ಳುತ್ತದೆ. ತಿಣುಕುತ್ತಿರುವಂತೆ ಕಂಡರೂ ಎಷ್ಟೋ ಸಲ ಅದು ತಡೆಯುತ್ತಿರುತ್ತದೆ. ಒಳಗೇ ಉಳಿದ ಮಲದಿಂದ ನೀರು ಹೀರಿ ಹೋಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಗುದನಾಳ ಹಿಗ್ಗಿ, ಮೊದಲೇ ಮಂದವಾಗಿದ್ದ ಒಳಅರಿವು ಮತ್ತೂ ಮಂದವಾಗುತ್ತದೆ. ಆ ಗಟ್ಟಿ ಮುದ್ದೆಯ ಪಕ್ಕದಿಂದ ತೆಳ್ಳಗಿನ ಮಲ ಸೋರಿ ಚಡ್ಡಿಗೆ ಅಂಟುವುದನ್ನು ಭೇದಿ ಎಂದು ತಿಳಿದು ಔಷಧ ಕೊಟ್ಟರೆ ಮಲಬದ್ಧತೆ ಹೆಚ್ಚುತ್ತದೆ. ತುಂಬಿದ ಗುದನಾಳ ಮೂತ್ರಕೋಶವನ್ನೂ ಒತ್ತುವುದರಿಂದ ಒದ್ದೆಯಾಗುವುದೂ ಜಾಸ್ತಿ. ವಾರಕ್ಕೆ ಮೂರು ಸಲಕ್ಕಿಂತ ಕಡಿಮೆ ಹೋದರೆ, ನೋವು ಅಥವಾ ರಕ್ತ ಕಂಡರೆ ಅಭ್ಯಾಸ ನಿಲ್ಲಿಸಿ ಮಕ್ಕಳ ವೈದ್ಯರಿಗೆ ತೋರಿಸಬೇಕು. ಚಡ್ಡಿ ಒದ್ದೆಯಾಗುತ್ತದೆಂದು ನೀರು ಕಡಿಮೆ ಮಾಡುವುದು ದೊಡ್ಡ ತಪ್ಪು.

ಸಮಯ ಹಿಡಿಯುವುದು

ಮೂರರಿಂದ ಐದು ದಿನ ಅರ್ಧ ಗಂಟೆಗೊಮ್ಮೆ ನೋಡಿ, ಒಣಗಿದೆಯೋ ಒದ್ದೆಯೋ ಬರೆದಿಡಿ. ಡೈಪರ್ ತೇವವನ್ನು ಹೀರಿಕೊಳ್ಳುವುದರಿಂದ ಒಳಗೊಂದು ತೆಳು ಹತ್ತಿಬಟ್ಟೆ ಇಡಿ. ನಮಗೂ ತಿಳಿಯುತ್ತದೆ, ಮಗುವಿಗೂ ತಾಕುತ್ತದೆ. ಒಂದೂವರೆ ಗಂಟೆಯಾದರೂ ಒಣಗಿರುತ್ತದೆ ಎಂದಾದರೆ ಶುರು ಮಾಡಬಹುದು. ಹದಿನೈದು ನಿಮಿಷಕ್ಕೊಮ್ಮೆ ಕೂರಿಸಿದರೆ ಮೂತ್ರಕೋಶ ತುಂಬುವುದೇ ಇಲ್ಲ, ತುಂಬಿದ ಅನುಭವವೂ ಸಿಗುವುದಿಲ್ಲ. ಎರಡಕ್ಕೆ ಕೂರಿಸಲು ಊಟವಾದ 15ರಿಂದ 30 ನಿಮಿಷದೊಳಗೆ ಒಳ್ಳೆಯ ಹೊತ್ತು. ಹೊಟ್ಟೆ ತುಂಬಿದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ.

ಕೂರಿಸುವುದು

ಪಾದ ಪೂರ್ತಿ ಊರುವಂತೆ ಕಾಲ್ಮಣೆ, ಮಂಡಿ ಸೊಂಟಕ್ಕಿಂತ ತುಸು ಮೇಲೆ, ಮೈ ಸ್ವಲ್ಪ ಮುಂದಕ್ಕೆ. ಕಿರಿದಾದ ಕಿಂಡಿಯ ಮಕ್ಕಳ ಸೀಟು ಅಲುಗಾಡಬಾರದು. ಮೂರರಿಂದ ಐದು ನಿಮಿಷ ಸಾಕು. ಆ ಹೊತ್ತಿನಲ್ಲಿ ಗುಳ್ಳೆ ಊದಿಸಿ. ಊದುವಾಗ ಹೊಟ್ಟೆಯಲ್ಲಿ ಒತ್ತಡ ಹುಟ್ಟಿ ಕೆಳಗಿನ ಸ್ನಾಯು ಸಡಿಲವಾಗುತ್ತದೆ. ‘ಹೋಗ್ತೀಯಾ?’ ಎಂದು ಕೇಳಬೇಡಿ, ಉತ್ತರ ‘ಬೇಡ’ ಎಂದೇ ಬರುವುದು. ‘ಈಗ ಪಾಟಿ, ಆಮೇಲೆ ಆಟ’ ಎನ್ನಿ, ಎರಡು ಚಿತ್ರ ತೋರಿಸಿ.

ಫ್ಲಶ್ ಅನ್ನು ಬೇರೆ ಪಾಠವಾಗಿ ಇಟ್ಟುಕೊಳ್ಳಿ. ಮೊದಲ ವಾರ ಮಗು ಹೊರಹೋದ ಮೇಲೆ, ಮುಚ್ಚಳ ಹಾಕಿ ಫ್ಲಶ್ ಮಾಡಿ. ಆಮೇಲೆ ಮಗು ಬಾಗಿಲಾಚೆ ನಿಂತು ‘ಒಂದು, ಎರಡು, ಮೂರು’ ಎಣಿಸಲಿ, ನೀವು ಒತ್ತಿ. ಕೊನೆಗೆ ಗುಂಡಿ ಅದರ ಕೈಗೇ ಬರಲಿ. ಯಾವಾಗ ಸದ್ದಾಗುತ್ತದೆಂದು ತನಗೇ ಗೊತ್ತಿದ್ದರೆ ಅದೇ ಸದ್ದು ಎಷ್ಟೋ ಹಗುರ.

ಎರಡಕ್ಕೆ ಡೈಪರ್ರೇ ಬೇಕೆನ್ನುವ ಮಗುವಿನಿಂದ ಅದನ್ನು ಕಿತ್ತುಕೊಂಡರೆ ತಡೆಹಿಡಿಯುವುದು ಶುರುವಾಗುತ್ತದೆ. ಡೈಪರ್ ಹಾಕಿಯೇ ಬಚ್ಚಲಲ್ಲಿ, ನಂತರ ಡೈಪರ್‌ನಲ್ಲೇ ಪಾಟಿ ಮೇಲೆ, ನಂತರ ಡೈಪರ್‌ಗೆ ತೂತು ಮಾಡಿ, ತೂತು ದೊಡ್ಡದು ಮಾಡುತ್ತಾ ಹೋಗಿ. ಒಂದು ಹೆಜ್ಜೆ ನಾಲ್ಕೈದು ಸಲ ನಿರಾಳವಾಗಿ ನಡೆದ ಮೇಲೆಯೇ ಮುಂದಿನದು. ಅಳು ಬಂದರೆ ಒಂದು ಹೆಜ್ಜೆ ಹಿಂದಕ್ಕೆ.

ರಾತ್ರಿಯ ಒದ್ದೆಯನ್ನು ಇದಕ್ಕೆ ಸೇರಿಸಬೇಡಿ. ಅದು ಕಲಿಸಿ ಬರುವುದಲ್ಲ, ಮೈ ಬೆಳೆದಂತೆ ಬರುವುದು. ಆದರೆ ತಿಂಗಳುಗಟ್ಟಲೆ ಒಣಗಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡಿಕೊಂಡರೆ, ಉರಿ ಎಂದರೆ, ಅಥವಾ ವಿಪರೀತ ನೀರಡಿಕೆ ಕಂಡರೆ ಪಾಟಿಯ ಪಾಠ ಬದಿಗಿಟ್ಟು ಅಂದೇ ವೈದ್ಯರಲ್ಲಿಗೆ.