ಪದ ಪರಿಚಯ: ಬ್ಯಾಕ್‌ಲಿಂಕ್

ಕೊಡಗಿನಲ್ಲಿ ತೋಟದ ದಾರಿ ಕವಲೊಡೆಯುವ ತಿರುವುಗಳಲ್ಲಿ ಬೋರ್ಡುಗಳ ಗೊಂಚಲೇ ನಿಂತಿರುತ್ತದೆ. ಎಸ್ಟೇಟಿನ ಹೆಸರು, ಮನೆತನದ ಹೆಸರು, ಅವುಗಳ ಮೇಲೆ ಕೆಳಗೆ ನಾಲ್ಕಾರು ಹೋಂಸ್ಟೇ. ಸ್ವಂತ ಗೇಟಿಗೆ ಹಾಕಿದ ಬೋರ್ಡು ಬಂದವರಿಗೆ 'ಇದೇ ಮನೆ' ಅನ್ನುತ್ತದೆ, ಅಷ್ಟೆ. ದಾರಿ ಗೊತ್ತಿಲ್ಲದವರನ್ನು ಕರೆತರುವುದು ತಿರುವಿನ ಬೋರ್ಡು, ಆದರೆ ಅದು ನಿಂತ ಜಾಗ ನಿಮ್ಮದಲ್ಲ. ಬ್ಯಾಕ್‌ಲಿಂಕ್ ಎಂದರೆ ಇಂಥದೇ ಒಂದು ಬೋರ್ಡು: ಬೇರೆಯವರ ವೆಬ್ ಪುಟದಲ್ಲಿ ಕೂತು, ಒತ್ತಿದವರನ್ನು ನಿಮ್ಮ ವಿಡಿಯೊಗೋ ಚಾನೆಲ್ಲಿಗೋ ತಂದು ಬಿಡುವ ಕೊಂಡಿ.

ಹೆಸರಿನಲ್ಲಿರುವ 'ಬ್ಯಾಕ್' ಸ್ವಲ್ಪ ದಾರಿ ತಪ್ಪಿಸುತ್ತದೆ. ನಾನು ನಿನಗೆ ಲಿಂಕ್ ಕೊಟ್ಟೆ, ನೀನು ನನಗೆ ಕೊಡು ಎಂಬ ಮುಯ್ಯಿ ಲೆಕ್ಕ ಇದು ಎಂದು ತಿಳಿದವರಿದ್ದಾರೆ. ಹಾಗಲ್ಲ. ಕೊಂಡಿ ಒಂದೇ, ನೋಡುವ ಕಡೆ ಎರಡು. ಹಾಕಿದವರಿಗೆ ಅದು ಹೊರಹೋಗುವ ಕೊಂಡಿ, ಪಡೆದವರಿಗೆ ಒಳಬರುವ ಕೊಂಡಿ. ಪಡೆದವರ ಕಡೆಯಿಂದ ನೋಡಿದಾಗ ಇಟ್ಟ ಹೆಸರು ಬ್ಯಾಕ್‌ಲಿಂಕ್. ಆದ್ದರಿಂದ ನಿಮ್ಮ ವಿಡಿಯೊದ ಡಿಸ್ಕ್ರಿಪ್ಷನ್ನಿನಲ್ಲಿ ನೀವೇ ತುಂಬಿದ ಹತ್ತು ಲಿಂಕುಗಳಲ್ಲಿ ಹೊರಗಿನ ಸೈಟುಗಳಿಗೆ ಹೋಗುವಂಥವು ಆ ಸೈಟುಗಳವರಿಗೆ ಬ್ಯಾಕ್‌ಲಿಂಕ್, ನಿಮಗಲ್ಲ.

ಈ ಪದಕ್ಕೆ ಇಷ್ಟು ಬೆಲೆ ಬಂದದ್ದು ಗೂಗಲ್‌ನಿಂದ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1996ರಲ್ಲಿ ಕಟ್ಟುತ್ತಿದ್ದ ಹುಡುಕುಯಂತ್ರದ ಮೊದಲ ಹೆಸರೇ ಬ್ಯಾಕ್‌ರಬ್. ಒಂದು ಪುಟದ ತೂಕವನ್ನು ಆ ಪುಟ ತನ್ನ ಬಗ್ಗೆ ಹೇಳಿಕೊಂಡದ್ದರಿಂದ ಅಳೆಯದೆ, ಎಷ್ಟು ಜನ ಅದರ ಕಡೆ ಕೈ ತೋರಿಸುತ್ತಿದ್ದಾರೆ, ಕೈ ತೋರಿಸುವವರಿಗೇ ಎಷ್ಟು ತೂಕವಿದೆ ಎಂಬುದರಿಂದ ಅಳೆಯುವುದು ಅವರ ಉಪಾಯ. ಪೇಜ್‌ರ‍್ಯಾಂಕ್ ಅಂದರೆ ಅದೇ. ಲೆಕ್ಕ ಗೊತ್ತಾದ ಮೇಲೆ ಕಳ್ಳಲೆಕ್ಕವೂ ಶುರುವಾಯಿತು. ಬ್ಲಾಗುಗಳ ಕಮೆಂಟಿನಲ್ಲೆಲ್ಲ ಲಿಂಕ್ ಸುರಿಯುವವರು ಹೆಚ್ಚಿದಾಗ, 2005ರಲ್ಲಿ 'ನೋಫಾಲೋ' ಎಂಬ ಗುರುತು ಬಂತು: ಲಿಂಕ್ ಇದೆ, ಆದರೆ ಇದನ್ನು ನನ್ನ ಶಿಫಾರಸು ಎಂದು ಎಣಿಸಬೇಡಿ ಎಂದು ಪುಟದವರು ಹುಡುಕುಯಂತ್ರಕ್ಕೆ ಹೇಳುವ ಮಾತು. 2012ರಲ್ಲಿ ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದು, ಕೊಂಡು ತಂದ ಲಿಂಕುಗಳ ಬಲದಿಂದ ಮೇಲೇರಿದ್ದ ಸೈಟುಗಳನ್ನು ಕೆಳಗಿಳಿಸಿತು. 2019ರಲ್ಲಿ ದುಡ್ಡು ಕೊಟ್ಟು ಹಾಕಿಸಿದ ಲಿಂಕಿಗೆ ಒಂದು, ಓದುಗರು ಬರೆದ ಕಮೆಂಟಿನ ಲಿಂಕಿಗೆ ಇನ್ನೊಂದು ಎಂದು ಬೇರೆ ಬೇರೆ ಗುರುತುಗಳು ಸೇರಿಕೊಂಡವು.

ಇದೆಲ್ಲ ವೆಬ್‌ಸೈಟಿನ ಕಥೆ. ವಿಡಿಯೊ ಚಾನೆಲ್ಲಿನ ವಿಷಯಕ್ಕೆ ಬಂದಾಗ ಇದನ್ನೇ ಕಣ್ಣು ಮುಚ್ಚಿ ಒಪ್ಪಿಸುವುದು ದೊಡ್ಡ ತಪ್ಪು.

ಯೂಟ್ಯೂಬಿನೊಳಗೆ ಯಾವ ವಿಡಿಯೊ ಯಾರ ಮುಂದೆ ಬರಬೇಕು ಎಂಬುದನ್ನು ತೀರ್ಮಾನಿಸುವುದು ನೋಡುಗರ ನಡವಳಿಕೆ. ಎದುರಿಗೆ ಬಂದಾಗ ಒತ್ತಿದರೇ, ಎಷ್ಟು ಹೊತ್ತು ಕೂತರು, ಇಷ್ಟಪಟ್ಟರೇ, ಬೇರೆಯವರಿಗೆ ಕಳಿಸಿದರೇ ಎಂಬ ಲೆಕ್ಕ. ನೂರು ಪುಟಗಳು ನಿಮ್ಮ ವಿಡಿಯೊಗೆ ಲಿಂಕ್ ಕೊಟ್ಟೂ ಯಾರೂ ಒತ್ತದಿದ್ದರೆ ಅಲ್ಲಿ ಏನೂ ಆಗುವುದಿಲ್ಲ. ಒಂದೇ ಪುಟ ಲಿಂಕ್ ಕೊಟ್ಟು, ದಿನಕ್ಕೆ ಎಂಟು ಜನ ಬಂದು, ಕೊನೆಯವರೆಗೆ ನೋಡಿ, ಇನ್ನೊಂದು ವಿಡಿಯೊಗೂ ಹೋದರೆ ಆಗುತ್ತದೆ. ಹಳೆಯ ಅರ್ಥದ ಬ್ಯಾಕ್‌ಲಿಂಕ್ ಕೆಲಸಕ್ಕೆ ಬರುವುದು ಮುಖ್ಯವಾಗಿ ಗೂಗಲ್ ಹುಡುಕಾಟದಲ್ಲಿ, ಅಲ್ಲಿ ಯೂಟ್ಯೂಬಿನ ಪುಟವೂ ಉಳಿದ ಪುಟಗಳ ಜೊತೆ ಸಾಲಿನಲ್ಲಿ ನಿಲ್ಲಬೇಕು. ಆದ್ದರಿಂದ ಚಾನೆಲ್ ನಡೆಸುವವರು ಬ್ಯಾಕ್‌ಲಿಂಕನ್ನು ವೋಟು ಎಂದುಕೊಳ್ಳುವ ಬದಲು ಜನ ನಡೆದು ಬರುವ ದಾರಿ ಎಂದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ನೋಫಾಲೋ ಇದೆಯೇ ಇಲ್ಲವೇ ಎಂಬ ಚಿಂತೆಯೂ ಹೋಗುತ್ತದೆ. ಕಾಲಿಟ್ಟು ನಡೆಯುವವರಿಗೆ ಆ ಗುರುತು ಕಾಣುವುದೇ ಇಲ್ಲ.

ಕೊಂಡಿಯಲ್ಲೂ ಬಗೆಗಳಿವೆ. ಪ್ರತಿ ವಿಡಿಯೊಗೆ ಯೂಟ್ಯೂಬ್ ಕೊಡುವುದು 11 ಅಕ್ಷರಗಳ ಒಂದು ಗುರುತು, ಅದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ದಿನಪತ್ರಿಕೆಯಲ್ಲಿ, ಸಂಘದ ಆಮಂತ್ರಣದಲ್ಲಿ ಇದನ್ನು ಅಚ್ಚು ಹಾಕಿಸಿದರೆ ದೊಡ್ಡ ಐ, ಸಣ್ಣ ಎಲ್, ಸೊನ್ನೆ, ಓ ಎಲ್ಲ ಒಂದೇ ಥರ ಕಂಡು ಟೈಪ್ ಮಾಡಿದವರು ಕೆಡುತ್ತಾರೆ. ಅಚ್ಚಿಗೆ ಕ್ಯುಆರ್ ಕೋಡ್ ಅಥವಾ ಚಾನೆಲ್ಲಿನ ಹ್ಯಾಂಡಲ್, ಅಂದರೆ @ ಗುರುತಿನಿಂದ ಶುರುವಾಗುವ ಹೆಸರು, ಕೊಡಿ. ವೆಬ್ ಪುಟಕ್ಕಾದರೆ ಪೂರ್ತಿ ಕೊಂಡಿ ಸಾಕು. ಶೇರ್ ಒತ್ತಿ, ಯಾವ ಸೆಕೆಂಡಿನಿಂದ ಶುರುವಾಗಬೇಕು ಎಂಬುದಕ್ಕೆ ಗುರುತು ಹಾಕಿದರೆ, ಕೊಂಡಿ ಒತ್ತಿದವರು ನೇರ ಆ ಜಾಗಕ್ಕೇ ಇಳಿಯುತ್ತಾರೆ.

ಇದರ ಉಪಯೋಗ ದೊಡ್ಡದು. ಕಾಳುಮೆಣಸಿನ ಸೊರಗು ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವುದನ್ನು ಹನ್ನೆರಡು ನಿಮಿಷ ತೋರಿಸಿದ್ದೀರಿ ಎನ್ನೋಣ. 50 ಲೀಟರ್ ನೀರಿನಲ್ಲಿ 1 ಕಿಲೊ ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ 1 ಕಿಲೊ ಸುಣ್ಣ, ಕದಡುತ್ತಾ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು, ಕೊನೆಗೆ ಉಜ್ಜಿದ ಕಬ್ಬಿಣದ ಚಾಕು ಅದ್ದಿ ಕೆಂಪಗೆ ತಾಮ್ರ ಕೂರುತ್ತದೆಯೇ ನೋಡುವುದು, ಕೂತರೆ ಇನ್ನಷ್ಟು ಸುಣ್ಣ. ಬೆಳೆಗಾರರು ಪದೇ ಪದೇ ಕೇಳುವುದು ಆ ಚಾಕುವಿನ ಭಾಗವನ್ನು. ಯಾರಾದರೂ ತಮ್ಮ ಬರಹದಲ್ಲಿ ಆ ಪರೀಕ್ಷೆಯ ಬಗ್ಗೆ ಬರೆದಿದ್ದರೆ, ಅವರಿಗೆ ಕೊಡಬೇಕಾದದ್ದು ಆ ಕ್ಷಣಕ್ಕೆ ಇಳಿಯುವ ಕೊಂಡಿಯನ್ನು, ಚಾನೆಲ್ಲಿನ ಮುಖಪುಟವನ್ನಲ್ಲ. ಬಿಸಿಲಲ್ಲಿ ನಿಂತು ಬಕೆಟ್ ಹಿಡಿದವರು ಮುಖಪುಟದಲ್ಲಿ ಹುಡುಕುತ್ತಾ ಕೂರುವುದಿಲ್ಲ.

ಎಂಬೆಡ್ ಇನ್ನೊಂದು ಬಗೆ. ಇಲ್ಲಿ ಜನ ಬರುವುದಿಲ್ಲ, ವಿಡಿಯೊವೇ ಅವರ ಪುಟಕ್ಕೆ ಹೋಗಿ ಅಲ್ಲೇ ಓಡುತ್ತದೆ. ಒತ್ತಿ ನೋಡಿದರೆ ವ್ಯೂ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಆದರೆ ಸಬ್‌ಸ್ಕ್ರೈಬ್ ಆಗುವವರು ಕಡಿಮೆ, ಏಕೆಂದರೆ ಬಟನ್ ಎದ್ದು ಕಾಣುವುದು ಯೂಟ್ಯೂಬಿನ ಪುಟದಲ್ಲಿ. ವಯಸ್ಸಿನ ನಿರ್ಬಂಧ ಬಿದ್ದ ವಿಡಿಯೊ ಹೊರಗಿನ ಸೈಟಿನಲ್ಲಿ ಓಡುವುದಿಲ್ಲ. ಅಪ್‌ಲೋಡ್ ಮಾಡುವಾಗ 'ಎಂಬೆಡ್ ಮಾಡಲು ಬಿಡಿ' ಎಂಬ ಗುರುತು ತೆಗೆದಿದ್ದರೂ ಇದೇ ಗತಿ.

ವಾಟ್ಸಾಪ್ ಗುಂಪಿಗೆ ಹಾಕಿದ್ದು ಬ್ಯಾಕ್‌ಲಿಂಕೇ? ಹುಡುಕುಯಂತ್ರಕ್ಕೆ ಅದು ಕಾಣುವುದಿಲ್ಲ, ಹಾಗಾಗಿ ಪಾರಿಭಾಷಿಕ ಅರ್ಥದಲ್ಲಿ ಅಲ್ಲ. ಜನರಂತೂ ಬರುತ್ತಾರೆ, ಆದರೆ ಗುಂಪಿನಲ್ಲಿ ಮೇಲಿಂದ ಮೇಲೆ ಮೆಸೇಜು ಬಿದ್ದಂತೆ ಮಾರನೆಯ ದಿನಕ್ಕೆ ಅದು ಹೂತುಹೋಗುತ್ತದೆ. ಪುಟದ ಮೇಲಿನ ಕೊಂಡಿ ವರ್ಷಗಟ್ಟಲೆ ನಿಲ್ಲುತ್ತದೆ.

ಹಾಗಾದರೆ ಇಲ್ಲಿ ಯಾರ ಪುಟ? ಕೊಡಗಿನ ಚಾನೆಲ್ಲಿಗೆ ಹೋಂಸ್ಟೇಗಳ ವೆಬ್‌ಸೈಟಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 'ಸುತ್ತಮುತ್ತ ಏನು ನೋಡಬಹುದು' ಎಂಬ ಪುಟ ಬಹುತೇಕ ಎಲ್ಲರಲ್ಲೂ ಇದೆ, ಅದರಲ್ಲಿ ಅಬ್ಬಿ, ದುಬಾರೆ, ತಲಕಾವೇರಿಯ ಹೆಸರು ಮತ್ತು ಒಂದು ಹಳೆಯ ಫೋಟೊ. ಅಲ್ಲಿಗೆ ಬರುವವರು ಪ್ರವಾಸ ಗಟ್ಟಿ ಮಾಡಿಕೊಂಡವರು, ವಿಡಿಯೊ ಸಿಕ್ಕರೆ ಪೂರ್ತಿ ನೋಡುತ್ತಾರೆ. ಅಡುಗೆಯ ಚಾನೆಲ್ಲಾದರೆ ಕೊಡಗಿನ ಹುಳಿ ಕಾಚಂಪುಳಿ ಮಾರುವವರ, ಕಡಂಬುಟ್ಟಿನ ಅಕ್ಕಿ ತರಿ ಮಾರುವವರ ಪುಟ: ಕೊಂಡವರು ಮುಂದೆ ಕೇಳುವುದೇ 'ಇದನ್ನು ಮಾಡುವುದು ಹೇಗೆ' ಎಂದು. ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಬಗ್ಗೆ ಮಾಡಿದ್ದರೆ ಬೆಂಗಳೂರು, ಮೈಸೂರಿನಂಥ ಊರುಗಳ ಕೊಡವ ಸಮಾಜಗಳು. ತೋಟದ ವಿಷಯಕ್ಕೆ ಬೆಳೆಗಾರರ ಸಂಘ, ಸಹಕಾರ ಸಂಘ, ಗೊಬ್ಬರ ಅಂಗಡಿಯವರ ಪುಟ. ಸರ್ಕಾರಿ ಸಂಸ್ಥೆಗಳ ಪುಟದಲ್ಲಿ ಜಾಗ ಸಿಗುವುದು ಅಪರೂಪ, ಅದಕ್ಕಾಗಿ ತಿಂಗಳುಗಟ್ಟಲೆ ಅಲೆಯಬೇಡಿ. ವಿಕಿಪೀಡಿಯಾಗೆ ಸ್ವಂತ ಲಿಂಕ್ ತುರುಕಬೇಡಿ. ಹೊರಕೊಂಡಿಗಳಿಗೆಲ್ಲ ಅಲ್ಲಿ ನೋಫಾಲೋ ಇದೆ, ಸ್ವಂತ ಪ್ರಚಾರ ಕಂಡರೆ ಸಂಪಾದಕರು ಕಿತ್ತುಹಾಕುತ್ತಾರೆ.

ಕೇಳುವ ರೀತಿಯಲ್ಲೇ ಅರ್ಧ ಕೆಲಸವಿದೆ. 'ದಯವಿಟ್ಟು ನಮ್ಮ ಚಾನೆಲ್ ಸಪೋರ್ಟ್ ಮಾಡಿ' ಎಂಬ ಮೆಸೇಜಿಗೆ ಉತ್ತರ ಬರುವುದಿಲ್ಲ. ಅವರ ಪುಟ ಓದಿದ್ದೀರಿ, ಅವರಿಗೆ ಏನು ಲಾಭ ಎಂದು ಗೊತ್ತಿದೆ ಎಂಬುದು ಕಾಣಬೇಕು. ಉದಾಹರಣೆಗೆ: 'ನಮಸ್ಕಾರ ಅಕ್ಕ. ನಿಮ್ಮ ವೆಬ್‌ಸೈಟಿನಲ್ಲಿ ತಲಕಾವೇರಿಯ ದಾರಿ ಬರೆದಿದ್ದೀರಿ. ಭಾಗಮಂಡಲದಿಂದ ಮೇಲಿನ 8 ಕಿಲೊಮೀಟರ್ ರಸ್ತೆ, ಗಾಡಿ ನಿಲ್ಲಿಸುವ ಜಾಗ, ಮೆಟ್ಟಿಲು ಎಲ್ಲ ತೋರಿಸುವ ನಾಲ್ಕು ನಿಮಿಷದ ವಿಡಿಯೊ ನಮ್ಮ ಹತ್ತಿರ ಇದೆ. ಗೆಸ್ಟುಗಳು ಇದನ್ನೇ ಫೋನ್ ಮಾಡಿ ಕೇಳುತ್ತಿದ್ದರೆ ಆ ಪ್ಯಾರಾದ ಕೆಳಗೆ ಹಾಕಿಕೊಳ್ಳಬಹುದು. ಎಂಬೆಡ್ ಕೋಡ್ ಕೆಳಗಿದೆ.' ಇಷ್ಟೇ. ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ, ಮತ್ತೆ ಬೇಡ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯ ತುಲಾ ಸಂಕ್ರಮಣಕ್ಕೆ ಬೇಕಾದ ಲಿಂಕನ್ನು ಸೆಪ್ಟೆಂಬರಿನಲ್ಲೇ ಕೇಳಿ, ಏಕೆಂದರೆ ಹೋಂಸ್ಟೇಯವರಲ್ಲಿ ಹೆಚ್ಚಿನವರ ವೆಬ್‌ಸೈಟಿನ ಕೀಲಿ ಬೇರೆ ಊರಿನ ಹುಡುಗನೊಬ್ಬನ ಕೈಯಲ್ಲಿರುತ್ತದೆ.

ಕೊಂಡಿಯನ್ನು ಯಾವ ಪದಗಳ ಮೇಲೆ ಕೂರಿಸುತ್ತಾರೆ ಎಂಬುದೂ ಮುಖ್ಯ. 'ಇಲ್ಲಿ ಒತ್ತಿ' ಎಂಬುದಕ್ಕಿಂತ 'ಭಾಗಮಂಡಲದಿಂದ ತಲಕಾವೇರಿಗೆ ರಸ್ತೆ ಹೇಗಿದೆ' ಎಂಬ ಸಾಲಿನ ಮೇಲೆ ಕೂತ ಕೊಂಡಿ ಓದುಗರಿಗೂ ಗೂಗಲ್‌ಗೂ ವಿಷಯ ತಿಳಿಸುತ್ತದೆ.

ದುಡ್ಡಿಗೆ ಸಾವಿರಗಟ್ಟಲೆ ಬ್ಯಾಕ್‌ಲಿಂಕ್ ಕೊಡುತ್ತೇವೆ ಎಂಬ ಜಾಹೀರಾತುಗಳ ವಿಷಯ ಚಿಕ್ಕದು: ಮನುಷ್ಯರು ಓದದ ಪುಟಗಳಲ್ಲಿ ಯಂತ್ರ ಸುರಿದ ಲಿಂಕುಗಳವು. ಅದರ ಜೊತೆ 'ವ್ಯೂ' ಕೂಡ ಮಾರುತ್ತಾರೆ, ಅಸಲಿ ಕಷ್ಟ ಶುರುವಾಗುವುದು ಅಲ್ಲಿ. ನಕಲಿ ವ್ಯೂ, ನಕಲಿ ಸಬ್‌ಸ್ಕ್ರೈಬರ್ ಯೂಟ್ಯೂಬಿನ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಲೆಕ್ಕ ಕಳೆಯುವುದಷ್ಟೇ ಅಲ್ಲ, ಚಾನೆಲ್ಲಿಗೇ ಕುತ್ತು. ಜಾಹೀರಾತಿನ ಆದಾಯಕ್ಕೆ ಬೇಕಾದ 1,000 ಸಬ್‌ಸ್ಕ್ರೈಬರ್, 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಎಂಬ ಮಿತಿ ಮುಟ್ಟುವ ಅವಸರದಲ್ಲಿ ಈ ಹಳ್ಳಕ್ಕೆ ಬೀಳುವವರೇ ಹೆಚ್ಚು.

ಬಂದ ಕೊಂಡಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸಿನಲ್ಲಿ ಟ್ರಾಫಿಕ್ ಸೋರ್ಸ್ ತೆರೆದು 'ಎಕ್ಸ್‌ಟರ್ನಲ್' ಒತ್ತಿ. ಯಾವ ಸೈಟಿನಿಂದ, ಯಾವ ಆ್ಯಪ್‌ನಿಂದ ಎಷ್ಟು ವ್ಯೂ ಬಂತೆಂಬ ಪಟ್ಟಿ ಬರುತ್ತದೆ. ಮೊದಲ ಅಂಕಣದ ವ್ಯೂ ಸಂಖ್ಯೆಗೆ ಮರುಳಾಗದೆ, ಸರಾಸರಿ ಎಷ್ಟು ಹೊತ್ತು ನೋಡಿದರು ಎಂಬ ಅಂಕಣ ನೋಡಿ. ಮುನ್ನೂರು ಜನ ಬಂದು ಇಪ್ಪತ್ತು ಸೆಕೆಂಡಿಗೆ ಎದ್ದು ಹೋಗಿದ್ದರೆ ಆ ಪುಟದಲ್ಲಿ ಕೊಟ್ಟ ಮಾತಿಗೂ ವಿಡಿಯೊಗೂ ತಾಳೆಯಾಗಿಲ್ಲ ಎಂದರ್ಥ. ಸಾಲು ತಿದ್ದಲು ಕೇಳಿ, ಇಲ್ಲವೇ ಸರಿಯಾದ ನಿಮಿಷಕ್ಕೆ ಇಳಿಯುವ ಕೊಂಡಿ ಕೊಡಿ.

ಕೊನೆಯದಾಗಿ, ಕೊಂಡಿ ಸಾಯುವ ಬಗೆ. ಅಪ್‌ಲೋಡ್ ಆದ ವಿಡಿಯೊವನ್ನು ಅದೇ ವಿಳಾಸದಲ್ಲಿಟ್ಟು ಹೊಸ ಫೈಲಿನಿಂದ ಬದಲಿಸಲು ಯೂಟ್ಯೂಬ್ ಬಿಡುವುದಿಲ್ಲ. ಹಳೆಯದನ್ನು ಅಳಿಸಿ ಮತ್ತೆ ಹಾಕಿದರೆ 11 ಅಕ್ಷರಗಳೂ ಹೊಸವು, ಹೊರಗಿನ ಅಷ್ಟೂ ಪುಟಗಳಲ್ಲಿ ಕರಿ ಡಬ್ಬಿ. ಒಂದು ತಪ್ಪು ಮಾತು ತೆಗೆಯಬೇಕಿದ್ದರೆ ಸ್ಟುಡಿಯೊದ ಎಡಿಟರಿನಲ್ಲೇ ಕತ್ತರಿಸಿ, ವಿಳಾಸವೂ ವ್ಯೂಗಳೂ ಹಾಗೇ ಉಳಿಯುತ್ತವೆ. ಹ್ಯಾಂಡಲ್ ಬದಲಿಸಿದರೂ ಕೊಂಡಿ ಸಾಯುತ್ತದೆ: ಹಳೆಯದು ಕೆಲವೇ ದಿನ ಕೆಲಸ ಮಾಡಿ ನಿಲ್ಲುತ್ತದೆ. ವರ್ಷ ವರ್ಷ ಮಾಹಿತಿ ಬದಲಾಗುವ ವಿಷಯವಾದರೆ, ಮಳೆಗಾಲದ ರಸ್ತೆಯೋ ಕಾಫಿ ಹೂ ಮಳೆಯ ನಂತರದ ಕೆಲಸವೋ, ಹೊರಗಿನವರಿಗೆ ಮೊದಲೇ ಪ್ಲೇಲಿಸ್ಟಿನ ಕೊಂಡಿ ಕೊಡಿ. ಈ ವರ್ಷದ ವಿಡಿಯೊವನ್ನು ಪ್ಲೇಲಿಸ್ಟಿನ ತಲೆಗೆ ಏರಿಸಿದರಾಯಿತು, ಹೋಂಸ್ಟೇಯವರನ್ನು ಮತ್ತೆ ಕಾಡಬೇಕಿಲ್ಲ.