ಜ್ವರ 103 ದಾಟಿದ್ದರೂ ನಮ್ಮ ಮಗುವನ್ನು ಏಕೆ ಕಾಯಿಸಿದರು?

ಪ್ರಶ್ನೆ: ಎರಡೂವರೆ ವರ್ಷದ ಮಗನಿಗೆ 103.6 ಡಿಗ್ರಿ ಜ್ವರವಿತ್ತೆಂದು ರಾತ್ರಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದೆವು. ನಮ್ಮ ನಂತರ ಬಂದ, ಬರೀ 100.6 ಇದ್ದ ಹಸುಗೂಸನ್ನು ನೇರವಾಗಿ ಒಳಗೆ ಕರೆದುಕೊಂಡು, ನಮ್ಮನ್ನು ಒಂದು ಗಂಟೆ ಹೊರಗೆ ಕೂರಿಸಿದರು. ಅಷ್ಟರಲ್ಲಿ ಜ್ವರ ನೆತ್ತಿಗೇರಿದ್ದರೆ ಯಾರು ಹೊಣೆ?

ಉತ್ತರ: ಅಂಕಿಗಳಷ್ಟೇ ಬದಲಾಗಿ ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ನಾಲ್ಕು ಸಾಲಿನಲ್ಲಿ ಉತ್ತರಿಸಿದ್ದೇನೆ. ಆ ನಾಲ್ಕು ಸಾಲು ಯಾರ ಅಂಜಿಕೆಯನ್ನೂ ಕಳೆದಂತೆ ಕಾಣದ ಕಾರಣ ಈ ಬಾರಿ ದೀರ್ಘವಾಗಿಯೇ ಬರೆಯುತ್ತೇನೆ.

ಆ ಹಸುಗೂಸನ್ನು ಮೊದಲು ಕರೆದದ್ದು ಅದರ ವಯಸ್ಸಿನ ಕಾರಣಕ್ಕೆ. ಮೂರು ತಿಂಗಳು ತುಂಬದ ಕೂಸಿಗೆ ಜ್ವರ 100.4 ಡಿಗ್ರಿ, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದೇ ತುರ್ತು ಸ್ಥಿತಿ. ಅಷ್ಟು ಎಳೆಯ ಮಗುವಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ರಕ್ತಕ್ಕೋ ಮಿದುಳಿನ ಪೊರೆಗೋ ಸೋಂಕು ತಗುಲಿದ್ದರೂ ಕುತ್ತಿಗೆ ಬಿಗಿಯುವುದು ಮೊದಲಾದ ಲಕ್ಷಣಗಳು ತೋರದೆ, ಹಾಲು ಕುಡಿಯುವುದು ಕಡಿಮೆಯಾಯಿತು ಎಂಬಷ್ಟೇ ಸುಳಿವು ಸಿಗಬಹುದು, ಕೆಲವೊಮ್ಮೆ ಅದೂ ಸಿಗುವುದಿಲ್ಲ. ಆದ್ದರಿಂದಲೇ 28 ದಿನ ದಾಟದ ಕೂಸಾದರೆ ರಕ್ತ, ಮೂತ್ರ, ಬೆನ್ನುಹುರಿಯ ದ್ರವ ಮೂರನ್ನೂ ಪರೀಕ್ಷೆಗೆ ತೆಗೆದು, ವರದಿಗೆ ಕಾಯದೆ ಆಂಟಿಬಯಾಟಿಕ್ ಆರಂಭಿಸಿ, ಮಗುವನ್ನು ದಾಖಲಿಸಿಕೊಳ್ಳುವುದು ವಾಡಿಕೆ.

ನಿಮ್ಮ ಮಗನನ್ನೂ ಯಾರೂ ನೋಡದೆ ಕೂರಿಸಿರಲಾರರು. ನೀವು ಥರ್ಮಾಮೀಟರಿನ ಅಂಕಿ ಹೇಳುತ್ತಿದ್ದಾಗ ನರ್ಸ್ ನೋಡುತ್ತಿದ್ದುದು ಮಗುವನ್ನು: ಅಪರಿಚಿತರನ್ನು ಕಂಡು ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡಿತೇ, ಅತ್ತರೆ ದನಿ ಗಟ್ಟಿಯಾಗಿತ್ತೇ, ಟಾರ್ಚಿನ ಬೆಳಕನ್ನು ಕಣ್ಣು ಹಿಂಬಾಲಿಸಿತೇ. ಅಂಗಿ ಮೇಲೆತ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ವರ್ಷ ದಾಟಿದ ಮಗು ನಿಮಿಷಕ್ಕೆ 40ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ ಗುಳಿ ಬೀಳುತ್ತಿದ್ದರೆ ಕಾಯಿಸುವುದಿಲ್ಲ. ಎದೆಮೂಳೆಯ ಮೇಲೆ ಬೆರಳಿಟ್ಟು ಐದು ಸೆಕೆಂಡು ಒತ್ತಿ ಬಿಡುತ್ತಾರೆ. ಬಿಳಿಚಿದ ಚರ್ಮಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮೈಮೇಲೆ ಗಂಧೆಯಿದ್ದರೆ ಗಾಜಿನ ಲೋಟ ಒತ್ತಿ ನೋಡುತ್ತಾರೆ, ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆಗಳು ರಕ್ತದ ಸೋಂಕಿನ ಗುರುತಾಗಿರಬಹುದು. ಇದೆಲ್ಲ ಎರಡು ಮೂರು ನಿಮಿಷದ ಕೆಲಸ. ಇದರಲ್ಲಿ ಸಿಗುವ ಮಾಹಿತಿಯ ಮುಂದೆ 103.6 ಎಂಬ ಅಂಕಿ ಬಹಳ ಬಡವಾದದ್ದು.

ಇನ್ನು ನೆತ್ತಿಗೇರುವ ಜ್ವರ. ಈ ಮಾತನ್ನು ಅಜ್ಜಿಯರಿಂದ ಕೇಳಿದ್ದೇನೆ, ಎಂಜಿನಿಯರುಗಳಿಂದಲೂ ಕೇಳಿದ್ದೇನೆ. 1980ರಲ್ಲಿ ಬಾರ್ಟನ್ ಶ್ಮಿಟ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಹೆತ್ತವರ ಈ ಅಂಜಿಕೆಯನ್ನು ‘ಜ್ವರಭೀತಿ’ ಎಂದೇ ಕರೆದು ಬರೆದರು, ಅಂಜಿಕೆ ಇಂದಿಗೂ ಹಾಗೆಯೇ ಇದೆ. ಜ್ವರ ಏರುತ್ತಾ ಹೋಗಿ ಒಂದು ಹಂತದಲ್ಲಿ ಮಿದುಳನ್ನು ಸುಡುತ್ತದೆ ಎಂಬುದು ಇದರ ತಿರುಳು. ಸೋಂಕಿನ ಜ್ವರ ಹಾಗೆ ನಡೆದುಕೊಳ್ಳುವುದಿಲ್ಲ. ಸೋಂಕು ತಗುಲಿದಾಗ ಮಿದುಳಿನ ಹೈಪೊಥಲಾಮಸ್ ಎಂಬ ಭಾಗವೇ ದೇಹದ ಉಷ್ಣತೆಯ ಮಟ್ಟವನ್ನು ಮೇಲಕ್ಕೆ ನಿಗದಿ ಮಾಡುತ್ತದೆ. ಆ ಮಟ್ಟ ಮುಟ್ಟುವ ತನಕ ಮಗು ನಡುಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಮಟ್ಟ ಕೆಳಗಿಳಿದಾಗ ಬೆವರುತ್ತದೆ. ಇಡೀ ಹೊತ್ತು ಕಡಿವಾಣ ಮಿದುಳಿನ ಹಿಡಿತದಲ್ಲೇ ಇರುವುದರಿಂದ ಇಂಥ ಜ್ವರ 106 ದಾಟುವುದು ಅಪರೂಪ. ಮುಚ್ಚಿದ ಕಾರಿನೊಳಗೆ ಬಿಸಿಲಿಗೆ ಸಿಕ್ಕಿದ ಮಗುವಿನ ಸಂಗತಿ ಬೇರೆ. ಅಲ್ಲಿ ಕಡಿವಾಣವೇ ತಪ್ಪಿರುತ್ತದೆ, ಅದು ನಿಜಕ್ಕೂ ಮಿದುಳಿಗೆ ಅಪಾಯ.

ಹಾಗಾದರೆ ಫಿಟ್ಸ್ ಬರುವುದಿಲ್ಲವೇ ಎಂದು ಕೇಳುತ್ತೀರಿ. ಬರುತ್ತದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಎಂದಾದರೊಮ್ಮೆ ಜ್ವರದ ಫಿಟ್ಸ್ ಬರುತ್ತದೆ. ನೋಡುವವರ ಜೀವ ಬಾಯಿಗೆ ಬರುತ್ತದೆಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ಸಾಮಾನ್ಯವಾಗಿ ಅದು ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಮಗುವನ್ನು ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡಿ. ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಿರಿ. ಬೇಗ ನಿಂತರೂ, ಮೊದಲ ಸಲ ಬಂದ ಫಿಟ್ಸ್ ಆದರೆ ಅದೇ ದಿನ ವೈದ್ಯರಿಗೆ ತೋರಿಸಲೇಬೇಕು. ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಫಿಟ್ಸ್ ತಡೆಯಬಹುದೆಂಬ ನಂಬಿಕೆಯೂ ಪರೀಕ್ಷೆಯಲ್ಲಿ ನಿಂತಿಲ್ಲ.

ಇದೇ ತಪ್ಪು ತಿಳಿವಳಿಕೆಯ ಇನ್ನೊಂದು ಮಗ್ಗುಲು ನನ್ನನ್ನು ಹೆಚ್ಚು ಕಾಡುತ್ತದೆ. ಔಷಧಿಗೆ ಜ್ವರ ಇಳಿದರೆ ಕಾಯಿಲೆ ಸಣ್ಣದು, ಇಳಿಯದಿದ್ದರೆ ದೊಡ್ಡದು ಎಂದು ಬಹಳ ಮಂದಿ ನಂಬಿದ್ದಾರೆ. ವೈರಸ್ಸಿನ ಜ್ವರವೂ ಮಿದುಳು ಪೊರೆಯ ಸೋಂಕಿನ ಜ್ವರವೂ ಪ್ಯಾರಾಸಿಟಮಾಲಿಗೆ ಒಂದೇ ರೀತಿ ಇಳಿಯಬಲ್ಲವು. ಡೆಂಗಿಯಲ್ಲಂತೂ ಮೂರರಿಂದ ಏಳನೆಯ ದಿನದೊಳಗೆ ಜ್ವರ ಬಿಡುವ ಹೊತ್ತಿಗೇ ರಕ್ತನಾಳಗಳಿಂದ ದ್ರವ ಸೋರುವ ಅಪಾಯ ಎದುರಾಗುತ್ತದೆ. ಜ್ವರ ಬಿಟ್ಟಿತೆಂದು ಮನೆಯವರು ನೆಮ್ಮದಿಯಾಗಿರುವಾಗಲೇ ಮಗು ಮಂಕಾಗಿ, ಹೊಟ್ಟೆನೋವೆಂದು ಅಳತೊಡಗುತ್ತದೆ, ಬಿಡದೆ ವಾಂತಿ ಮಾಡುತ್ತದೆ. ಔಷಧಿ ಕೊಡುವುದು ಮಗುವಿನ ಸಂಕಟ ತಗ್ಗಲೆಂದು. ನಮಗೂ ಅದರಿಂದ ಒಂದು ಉಪಯೋಗವಿದೆ: ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ನಿಮಿಷಕ್ಕೆ ಸುಮಾರು ಹತ್ತು ಬಡಿತ ಹೆಚ್ಚುತ್ತದೆ, ಆದ್ದರಿಂದ ಜ್ವರ ಇಳಿದ ಮೇಲೂ ನಾಡಿ ಓಡುತ್ತಲೇ ಇದ್ದರೆ, ಮಗು ಗೆಲುವಾಗದಿದ್ದರೆ, ಬೇರೇನೋ ಇದೆಯೆಂದು ಹುಡುಕುತ್ತೇವೆ. ಹೀಗೆ ಎರಡನೆಯ ಸಲ ನೋಡುವುದಕ್ಕೂ ಆ ಒಂದು ಗಂಟೆ ಬೇಕಾಗಿರುತ್ತದೆ. ತಣ್ಣೀರಿನ ಬಟ್ಟೆಯಿಂದ ಮೈಯೆಲ್ಲ ಒರೆಸುವುದನ್ನು ದಯವಿಟ್ಟು ಬಿಡಿ, ಮಗು ಇನ್ನಷ್ಟು ನಡುಗುವುದೇ ಹೊರತು ಲಾಭವಿಲ್ಲ. ಕಾಯುವಾಗ ಮಗು ತೂಕಡಿಸಿ ಎಚ್ಚರಗೊಳ್ಳದಿದ್ದರೆ, ಉಸಿರಿಗೆ ಕಷ್ಟಪಟ್ಟರೆ, ಚುಕ್ಕೆ ಕಾಣಿಸಿಕೊಂಡರೆ ಸರದಿ ಮರೆತು ಎದ್ದು ಬನ್ನಿ.

ನೀವು ಕೇಳದ ಒಂದು ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಬರೀ ಜ್ವರ ಎಂದು ಬಂದ ಎಳೆಯ ಮಗುವಿಗೆ ಮೂತ್ರ ಪರೀಕ್ಷೆ ಬರೆದರೆ ಹಲವರು ಬೇಸರಪಡುತ್ತಾರೆ. ಉರಿಯಾಗುತ್ತಿದೆ ಎಂದು ಹೇಳಲು ಎಂಟು ತಿಂಗಳ ಕೂಸಿಗೆ ಮಾತಿಲ್ಲ, ಮೂತ್ರದ ಸೋಂಕು ಅದರಲ್ಲಿ ಬರೀ ಜ್ವರವಾಗಿಯೇ ತೋರುತ್ತದೆ, ಗುರುತಿಸದೆ ಬಿಟ್ಟರೆ ಮೂತ್ರಪಿಂಡಕ್ಕೆ ಕಲೆ ಬೀಳಬಹುದು. ಅಂಟಿಸುವ ಚೀಲದಲ್ಲಿ ಸಂಗ್ರಹಿಸಿದ ಮೂತ್ರಕ್ಕೆ ಚರ್ಮದ ಬ್ಯಾಕ್ಟೀರಿಯಾ ಬೆರೆತು ಫಲಿತಾಂಶ ಕೆಡುವುದೇ ಹೆಚ್ಚು. ಅದಕ್ಕೇ ಶುಚಿ ಮಾಡಿದ ಮೇಲೆ ನೇರವಾಗಿ ಬಾಟಲಿಗೆ ಹಿಡಿಯಿರಿ ಎನ್ನುತ್ತೇವೆ. ತಾಯಿ ಮಗುವನ್ನು ತೊಡೆಯ ಮೇಲೆ ಹಿಡಿದುಕೊಂಡಿರುತ್ತಾರೆ, ನರ್ಸ್ ತಣ್ಣನೆಯ ಸಲೈನಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ಸುತ್ತ ಸವರುತ್ತಾರೆ, ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಬಾಟಲಿ ಸಿದ್ಧವಿರುತ್ತದೆ. ಎಷ್ಟೋ ಸಲ ಐದು ನಿಮಿಷದೊಳಗೆ ಮೂತ್ರ ಬರುತ್ತದೆ. ಬರದಿದ್ದರೆ ಹಾಲು ಕುಡಿಸಿ, ಮತ್ತೆ ಅಲ್ಲೇ ಕಾಯುತ್ತೇವೆ.