ಹಿಂಬದಿಯ ಚಿತ್ರ ಯಾರಿಗಾಗಿ? ರೋಮನ್ ನಾಣ್ಯಗಳ ಕುರಿತ ನಾಲ್ಕೂವರೆ ಶತಮಾನಗಳ ವಾದ

ರೋಮನ್ ಚಕ್ರವರ್ತಿಗಳ ನಾಣ್ಯದ ಮುಂಬದಿಯಲ್ಲಿ ಗೊಂದಲಕ್ಕೆ ಹೆಚ್ಚು ಆಸ್ಪದವಿಲ್ಲ. ಅಲ್ಲಿ ಆಳುವವನ ಅಥವಾ ಅವನ ಮನೆಯವರ ತಲೆಯಿದ್ದು, ಸುತ್ತಲೂ ಹೆಸರು ಬಿರುದುಗಳಿರುತ್ತವೆ. ತೊಡಕೆಲ್ಲ ಹಿಂಬದಿಯದು. ಶಾಂತಿದೇವತೆ, ಖರ್ಜೂರದ ಮರದಡಿ ಅಳುತ್ತ ಕುಳಿತ ಸೋತ ನಾಡಿನ ಹೆಣ್ಣು, ಹೊಸದಾಗಿ ಕಟ್ಟಿದ ದೇವಾಲಯ, ಧಾನ್ಯ ಅಳೆಯುವ ಕೊಳಗ, ಒಂದನ್ನೊಂದು ಹಿಡಿದ ಎರಡು ಕೈಗಳು, ಹೀಗೆ ಸಾವಿರಾರು ಬಗೆಯ ಚಿತ್ರಗಳು ಅಲ್ಲಿ ಬಂದುಹೋಗಿವೆ. ಇವನ್ನು ಆರಿಸಿದವರು ಯಾರು, ಯಾರು ನೋಡಲೆಂದು ಆರಿಸಿದರು, ನೋಡಬೇಕಾದವರು ನಿಜಕ್ಕೂ ನೋಡಿದರೇ ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಒಂದಕ್ಕೆ ಕೊಟ್ಟ ಉತ್ತರವನ್ನೇ ಉಳಿದೆರಡಕ್ಕೂ ಅನ್ವಯಿಸುವ ರೂಢಿ ಬೆಳೆದುಬಂದಿದೆ.

ಮೊದಮೊದಲು ಇವು ಹಣವೇ ಹೌದೋ ಅಲ್ಲವೋ ಎಂಬುದರ ಬಗ್ಗೆಯೇ ಒಮ್ಮತವಿರಲಿಲ್ಲ. 1555ರಲ್ಲಿ ಇಟಲಿಯ ಎನೆಯಾ ವೀಕೋ ಇವು ಚಲಾವಣೆಯ ನಾಣ್ಯಗಳೆಂದು ವಾದಿಸಿದರೆ, 1559ರಲ್ಲಿ ಸೆಬಾಸ್ಟಿಯಾನೋ ಎರಿಟ್ಸೋ ಇಷ್ಟು ಸೊಗಸಾದ ವಸ್ತುಗಳು ಸ್ಮಾರಕ ಪದಕಗಳೇ ಆಗಿರಬೇಕೆಂದು ಪಟ್ಟುಹಿಡಿದ. ವೀಕೋನ ಮಾತು ಗೆದ್ದಿತಾದರೂ ಎರಿಟ್ಸೋನ ದೃಷ್ಟಿ ಪೂರ್ತಿ ಅಳಿಯಲಿಲ್ಲ. ಮುಂದಿನ ಎರಡು ಶತಮಾನ ಸಂಗ್ರಾಹಕರದಾಗಿದ್ದು, ಅದರ ಕೊನೆಗೆ ವಿಯೆನ್ನಾದ ಯೋಸೆಫ್ ಎಕೆಲ್ 1792ರಿಂದ 1798ರವರೆಗೆ ಎಂಟು ಸಂಪುಟಗಳಲ್ಲಿ ಈ ರಾಶಿಗೆ ಒಂದು ಕ್ರಮ ತಂದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ವಿದ್ವಾಂಸರು ಪ್ರತಿ ಚಕ್ರವರ್ತಿಯ ಪ್ರತಿ ಮಾದರಿಗೂ ಸಂಖ್ಯೆ ಕೊಟ್ಟು ಬೃಹತ್ ಸೂಚಿಗಳನ್ನು ಪ್ರಕಟಿಸತೊಡಗಿದರು.

ಈ ಸೂಚಿಗಳ ಉಪಕಾರ ದೊಡ್ಡದು, ಆದರೆ ಇಂದಿನ ಗೊಂದಲದ ಬೇರೂ ಅಲ್ಲಿಯೇ ಇದೆ. ಸೂಚಿಯಲ್ಲಿ ಲಕ್ಷಗಟ್ಟಲೆ ಅಚ್ಚಾದ ಮಾದರಿಗೂ ನಾಲ್ಕೇ ಪ್ರತಿ ಉಳಿದಿರುವ ಮಾದರಿಗೂ ಸಿಗುವುದು ಒಂದೊಂದು ಸಾಲು. ಚೆನ್ನಾಗಿ ಉಳಿದ ಪ್ರತಿಗಳ ಛಾಯಾಚಿತ್ರಗಳನ್ನು ಸಾಲಾಗಿ ನೋಡುವ ಓದುಗನಿಗೆ ಅದು ಸರ್ಕಾರ ವರ್ಷ ವರ್ಷ ಹೊರಡಿಸಿದ ಪ್ರಕಟಣೆಗಳ ಕಡತದಂತೆ ಕಾಣುವುದು ಸಹಜ. ಪತ್ರಿಕೆಯೂ ರೇಡಿಯೋವೂ ಜನಾಭಿಪ್ರಾಯವನ್ನು ರೂಪಿಸುತ್ತಿದ್ದ ಆ ದಶಕಗಳಲ್ಲಿ, ರೋಮನ್ ನಾಣ್ಯಗಳೂ ಅಂಥದೇ ಪ್ರಚಾರ ಸಾಧನಗಳು ಎಂಬ ವಿವರಣೆ ಯಾರೂ ಪ್ರಶ್ನಿಸದಷ್ಟು ಸಲೀಸಾಗಿ ಒಪ್ಪಿಗೆ ಪಡೆಯಿತು.

ಪ್ರಶ್ನೆ ಬಂದದ್ದು 1956ರಲ್ಲಿ. ಇತಿಹಾಸಕಾರ ಎ. ಎಚ್. ಎಂ. ಜೋನ್ಸ್, ಈ ಚಿತ್ರಗಳನ್ನು ನಮ್ಮ ಕಾಲದ ಅಂಚೆ ಚೀಟಿಗಳ ಚಿತ್ರಗಳಿಗೆ ಹೋಲಿಸಿ, ಅವುಗಳ ಮೇಲೆ ಇಷ್ಟೊಂದು ಅರ್ಥ ಹೇರುವುದು ಸರಿಯೇ ಎಂದು ಕೇಳಿದರು. 1959ರಲ್ಲಿ ನಾಣ್ಯತಜ್ಞ ಸಿ. ಎಚ್. ವಿ. ಸದರ್ಲ್ಯಾಂಡ್ ಇದಕ್ಕೆ ಉತ್ತರ ಬರೆದರು. ಯಾರೂ ನೋಡುತ್ತಿರಲಿಲ್ಲವಾದರೆ ಟಂಕಸಾಲೆಗಳು ಮತ್ತೆ ಮತ್ತೆ ಹೊಸ ಚಿತ್ರ ಕೊರೆಯುವ ಶ್ರಮವನ್ನೇಕೆ ತೆಗೆದುಕೊಂಡವು ಎಂಬುದು ಆ ಪಕ್ಷದ ಮುಖ್ಯ ವಾದ. ಎರಡೂ ಮಾತಿಗೆ ತೂಕವಿದೆ, ಆದರೆ ಅಂದಿನಿಂದ ಚರ್ಚೆ ಎರಡು ಪಾಳೆಯಗಳ ನಡುವಿನ ಜಗ್ಗಾಟವಾಯಿತು.

ಪ್ರಾಚೀನರೇ ಏನು ಹೇಳಿದ್ದಾರೆಂದು ನೋಡಿದರೆ ಸಿಗುವುದು ಬೆರಳೆಣಿಕೆಯ ಸಾಕ್ಷ್ಯಗಳು. ಅಗಸ್ಟಸ್ ತನ್ನ ಜನ್ಮರಾಶಿಯೆಂದು ಮಕರದ ಚಿತ್ರವಿರುವ ಬೆಳ್ಳಿ ನಾಣ್ಯ ಹೊರಡಿಸಿದನೆಂದೂ, ನೀರೋ ತಂತಿವಾದ್ಯ ನುಡಿಸುವವನ ವೇಷದಲ್ಲಿ ತನ್ನನ್ನು ನಾಣ್ಯದ ಮೇಲೆ ತೋರಿಸಿಕೊಂಡನೆಂದೂ ಸ್ವೆಟೋನಿಯಸ್ ಬರೆಯುತ್ತಾನೆ. ಸೀಸರನನ್ನು ಕೊಂದ ಬ್ರೂಟಸ್ ಎರಡು ಕಠಾರಿಗಳ ಚಿತ್ರ ಹಾಕಿಸಿದ್ದನ್ನು ಕ್ಯಾಸಿಯಸ್ ಡಿಯೋ ದಾಖಲಿಸಿದ್ದಾನೆ. ಅತ್ತ ಮತ್ತಾಯನ ಸುವಾರ್ತೆಯಲ್ಲಿ ತೆರಿಗೆಯ ನಾಣ್ಯವನ್ನು ತರಿಸಿ ಯೇಸು ಕೇಳುವ ಪ್ರಶ್ನೆ ಮುಂಬದಿಯ ತಲೆಯೂ ಒಕ್ಕಣೆಯೂ ಯಾರವೆಂದು ಮಾತ್ರ. 1983ರಲ್ಲಿ ಮೈಕೆಲ್ ಕ್ರಾಫರ್ಡ್ ಇಂಥ ಸಾಕ್ಷ್ಯಗಳನ್ನು ಪರಿಶೀಲಿಸಿ, ಜನರ ಗಮನ ಹೆಚ್ಚಾಗಿ ತಲೆಯ ಮೇಲಿತ್ತು, ಹಿಂಬದಿಯ ಮೇಲಲ್ಲ ಎಂದು ತೋರಿಸಿದರು. ಅದಕ್ಕೂ ಒಂದು ವರ್ಷ ಮೊದಲು ಬಾರ್ಬರಾ ಲೆವಿಕ್ ಪ್ರಶ್ನೆಯ ದಿಕ್ಕನ್ನೇ ಬದಲಿಸಿದ್ದರು: ಚಿತ್ರ ಆರಿಸುವವರು ಅಧಿಕಾರಿಗಳಾಗಿದ್ದು, ಅವರು ಮೆಚ್ಚಿಸಬೇಕಾಗಿದ್ದ ಮುಖ್ಯ ವೀಕ್ಷಕ ಸ್ವತಃ ಚಕ್ರವರ್ತಿಯೇ ಆಗಿದ್ದರೆ? 1986ರಲ್ಲಿ ಆಂಡ್ರೂ ವಾಲೆಸ್-ಹ್ಯಾಡ್ರಿಲ್ ಎರಡು ಬದಿಗಳನ್ನು ಬೇರ್ಪಡಿಸಿ ಓದುವುದೇ ತಪ್ಪು, ತಲೆಯ ಅಧಿಕಾರವೂ ಹಿಂಬದಿಯ ಚಿತ್ರವೂ ಕೂಡಿಯೇ ನಾಣ್ಯದ ಬೆಲೆಯನ್ನು ನಂಬಿಸುತ್ತವೆ ಎಂದರು. ಈ ನಾಲ್ಕೈದು ವರ್ಷಗಳ ಬರಹಗಳು ಹಿಂದಿನ ಅರ್ಧ ಶತಮಾನಕ್ಕಿಂತ ಹೆಚ್ಚು ದಾರಿ ಕ್ರಮಿಸಿದವು.

ಒಂದೇ ನಾಣ್ಯವನ್ನು ಹತ್ತಿರದಿಂದ ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಕ್ರಿ. ಶ. 96ರಲ್ಲಿ ಡೊಮಿಷಿಯನ್ ಕೊಲೆಯಾದ ಬಳಿಕ ಪಟ್ಟಕ್ಕೆ ಬಂದ ವೃದ್ಧ ನೆರ್ವಾನ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯದ ಹಿಂಬದಿಯಲ್ಲಿ ಎರಡು ಕೈಗಳು ಒಂದನ್ನೊಂದು ಹಿಡಿದಿವೆ, ಸುತ್ತ 'ಕಾಂಕಾರ್ಡಿಯಾ ಎಕ್ಸೆರ್ಸಿಟುಂ', ಅಂದರೆ ಸೇನೆಗಳ ಸೌಹಾರ್ದ ಎಂಬ ಒಕ್ಕಣೆ. ಮರುವರ್ಷವೇ ಅಂಗರಕ್ಷಕ ಪಡೆ ದಂಗೆಯೆದ್ದು, ಡೊಮಿಷಿಯನ್ನನ ಕೊಲೆಗಾರರನ್ನು ತನಗೊಪ್ಪಿಸುವಂತೆ ನೆರ್ವಾನನ್ನು ಮಣಿಸಿತು. ಪ್ರಚಾರವೆನ್ನುವವರಿಗೆ ಇದು ಸುಳ್ಳು ಭರವಸೆ, ಸಂಶಯವಾದಿಗಳಿಗೆ ಪೊಳ್ಳು ಅಲಂಕಾರ. ಆದರೆ ಸೈನಿಕರ ಸಂಬಳ ಸಂದಾಯವಾಗುತ್ತಿದ್ದುದೇ ಇಂಥ ನಾಣ್ಯಗಳಲ್ಲಿ ಎಂಬುದನ್ನು ಮರೆಯದಿದ್ದರೆ, ಆ ಕೈಗಳು ಸೇನೆಯ ಮುಂದಿಟ್ಟ ಕೋರಿಕೆಯಂತೆಯೂ ಕಾಣುತ್ತವೆ, ಮತ್ತು ಈ ಓದೇ ಹೆಚ್ಚು ಸಹಜವೆನಿಸುತ್ತದೆ.

ಇತ್ತೀಚಿನ ದಶಕಗಳಲ್ಲಿ ವಾದವನ್ನು ಮುಂದೆ ಸಾಗಿಸಿದ್ದು ನೆಲದಿಂದ ಬಂದ ಪುರಾವೆ. ಉತ್ತರ ಬ್ರಿಟನ್ನಿನ ಹೇಡ್ರಿಯನ್ ಗೋಡೆಯ ಕ್ಯಾರಬರೋ ಕೋಟೆಯ ಬಳಿ ಕವೆಂಟಿನಾ ಎಂಬ ಜಲದೇವತೆಯ ಬಾವಿಯನ್ನು 1876ರಲ್ಲಿ ಅಗೆದಾಗ ಹರಕೆಯಾಗಿ ಹಾಕಿದ್ದ ಸಾವಿರಾರು ನಾಣ್ಯಗಳು ಸಿಕ್ಕವು. ಅವುಗಳಲ್ಲಿ 300ಕ್ಕೂ ಹೆಚ್ಚು, ಆಂಟೊನೈನಸ್ ಪಯಸ್ ಕ್ರಿ. ಶ. 154-155ರಲ್ಲಿ ಹೊರಡಿಸಿದ ಒಂದೇ ಮಾದರಿಯ ತಾಮ್ರದ ಕಾಸುಗಳು: ಬಂಡೆಯ ಮೇಲೆ ತಲೆತಗ್ಗಿಸಿ ಕುಳಿತ ಬ್ರಿಟಾನಿಯಾ, ಪಕ್ಕದಲ್ಲಿ ಗುರಾಣಿ. ಈ ಮಾದರಿ ಬ್ರಿಟನ್ನಿನಲ್ಲಿ ಹೇರಳ, ಹೊರಗೆ ಅಪರೂಪ. ಅಂದರೆ ಇಂಥ ಚಿತ್ರ ಇಂಥ ಪ್ರಾಂತ್ಯಕ್ಕೆ ಹೋಗಲಿ ಎಂದು ಕೆಲವೊಮ್ಮೆಯಾದರೂ ಯಾರೋ ತೀರ್ಮಾನಿಸಿದ್ದಿರಬೇಕು. ನೆದರ್ಲ್ಯಾಂಡ್ಸಿನ ನೈಮೇಖನ್ ಸೇನಾ ಶಿಬಿರದ ನಾಣ್ಯಗಳನ್ನು ಅಧ್ಯಯನ ಮಾಡಿದ ಫ್ಲೂರ್ ಕೆಮ್ಮರ್ಸ್ ಕೂಡ, ಸೈನಿಕರಿಗೆ ತಲುಪಿದ ಚಿತ್ರಗಳ ಆಯ್ಕೆ ಆಕಸ್ಮಿಕವಲ್ಲವೆಂಬ ನಿಲುವಿಗೆ ಬಂದರು.

ಇದಕ್ಕೆ ತದ್ವಿರುದ್ಧವಾದ ಪುರಾವೆ ನಮ್ಮ ನೆಲದಲ್ಲಿದೆ. ಚಿತ್ರದುರ್ಗದ ಚಂದ್ರವಳ್ಳಿ, ಬೆಂಗಳೂರಿನ ಯಶವಂತಪುರ ಸೇರಿದಂತೆ ದಕ್ಷಿಣ ಭಾರತದ ಹಲವೆಡೆ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ದಕ್ಷಿಣದ ನಿಧಿಗಳಲ್ಲಿ ಎದ್ದುಕಾಣುವ ಮಾದರಿಗಳು ಎರಡೇ: ಅಗಸ್ಟಸನ ದತ್ತುಪುತ್ರರಾದ ಗೈಯಸ್ ಮತ್ತು ಲೂಸಿಯಸ್ ನಿಂತಿರುವುದು, ಟೈಬೀರಿಯಸನ ಕುಳಿತ ಹೆಣ್ಣಿನ ಚಿತ್ರ. ಟೈಬೀರಿಯಸನ ಮಾದರಿ ಅವನ ಆಳ್ವಿಕೆಯುದ್ದಕ್ಕೂ ಹೆಚ್ಚುಕಡಿಮೆ ಬದಲಾಗಲೇ ಇಲ್ಲ. ಕೆಲವು ನಿಧಿಗಳಲ್ಲಿ ಚಕ್ರವರ್ತಿಯ ಮುಖದ ಮೇಲೆಯೇ ಉಳಿಯ ಕಡಿತವಿದೆ. ಲ್ಯಾಟಿನ್ ಒಕ್ಕಣೆ ಓದಲಾಗದ ಇಲ್ಲಿನ ವರ್ತಕನಿಗೂ ಪರಿಚಿತ ಚಿತ್ರ ಬೇಕಿತ್ತು, ಏಕೆಂದರೆ ಅದು ಬೆಳ್ಳಿಯ ಗುಣಕ್ಕೆ ಖಾತರಿಯಾಗಿತ್ತು. ಕ್ರಿ. ಶ. 64ರಲ್ಲಿ ನೀರೋ ಡಿನೇರಿಯಸ್ಸಿನ ತೂಕ ಇಳಿಸಿ, ಒಂದು ರಾತ್ತಲಿಗೆ 84ರ ಬದಲು 96 ನಾಣ್ಯ ಟಂಕಿಸತೊಡಗಿದ ಮೇಲೆ ಹಳೆಯ ಮಾದರಿಗಳ ಬೆಲೆ ಇನ್ನಷ್ಟು ಹೆಚ್ಚಿರಬೇಕು.

ಹೀಗಿರುವಾಗ ಎಲ್ಲ ನಾಣ್ಯಗಳಿಗೂ ಸಲ್ಲುವ ಒಂದೇ ಉದ್ದೇಶವನ್ನು ಹುಡುಕುವುದು ಫಲ ಕೊಡುವ ಕೆಲಸವಲ್ಲ. ಯಾವ ಮಾದರಿ ಎಷ್ಟು ಅಚ್ಚಾಯಿತು, ಎಲ್ಲಿಗೆ ಹೋಯಿತು, ಯಾವುದರ ಜೊತೆ ಸಿಕ್ಕಿತು ಎಂಬ ಲೆಕ್ಕವೇ ಈಗಿನ ಸಂಶೋಧನೆಯ ಆಧಾರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಿಂದ ಸಾಮಾನ್ಯ ಜನರಿಗೆ ಸಿಕ್ಕ ವಸ್ತುಗಳನ್ನೂ ಸ್ಥಳದೊಂದಿಗೆ ದಾಖಲಿಸುವ ಯೋಜನೆ ನಡೆಯುತ್ತಿದೆ. ಸಿಕ್ಕ ಊರಿನ ಹೆಸರಿಲ್ಲದೆ ಹರಾಜಿಗೆ ಬರುವ ನಾಣ್ಯ ಎಷ್ಟೇ ಸುಂದರವಾಗಿದ್ದರೂ, ಅದನ್ನು ಯಾರು ನೋಡಿದರು ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗದು. ಮಾರುಕಟ್ಟೆಯಲ್ಲಿ ಇಂದಿಗೂ ಹೆಚ್ಚಾಗಿರುವುದು ಅಂಥವೇ.